ಮೊತ್ತವೂ ಸರಸವೂ

ಮೊನ್ನೆ ಅಳತೆಯ ಟೇಪು ಹುಡುಕುತ್ತ ಹೊಲಿಗೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದೆ. ಗುಂಡಿ, ದಾರದ ಉಂಡೆ, ತುಕ್ಕು ಹಿಡಿದ ಕತ್ತರಿಗಳ ನಡುವಿನಿಂದ ಒಂದು ಹಸಿರು ಪ್ಲಾಸ್ಟಿಕ್ ಪಟ್ಟಿ ಜಾರಿ ಬಿತ್ತು. ಅಂಗೈಗಿಂತ ತುಸು ಉದ್ದ, ಆಚೆ ಬದಿ ಕಾಣುವಷ್ಟು ತೆಳುವು. ಮೈತುಂಬ ತೂತು: ಚೌಕ, ಓರೆಯಾಗಿ ನಿಂತ ಚೌಕ, ವೃತ್ತ, ಎರಡೂ ತುದಿ ಗುಂಡಗಿರುವ ಉದ್ದನೆಯದೊಂದು. ಸೊಸೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ರಂಗೋಲಿ ಅಚ್ಚಾ ಅತ್ತೆ?" ಎಂದಳು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಅಂಗೈ ಬೆವತಿತ್ತು.

ನೀವು ನಗುತ್ತೀರಿ, ನಗಿ. ಪ್ಲಾಸ್ಟಿಕ್ಕಿನ ಒಂದು ತುಂಡಿಗೆ ಹೆದರುವ ಹೆಂಗಸು ಎಂದು ನಮ್ಮ ಮನೆಯಲ್ಲೂ ನಕ್ಕರು. ಎಪ್ಪತ್ತರ ದಶಕದಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಯಲು ಹೋದವರಿಗೆ ಮೊದಲ ದಿನ ಕೈಗೆ ಕೊಡುತ್ತಿದ್ದ ಆಯುಧ ಇದು. ಯಂತ್ರ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎನ್ನುವುದನ್ನು ಈ ತೂತುಗಳಲ್ಲಿ ಪೆನ್ಸಿಲ್ ಆಡಿಸಿ ಚಿತ್ರ ಬರೆಯಬೇಕು. ಮಾಡುವ ಕೆಲಸಕ್ಕೆ ಚೌಕ, ಕೇಳುವ ಪ್ರಶ್ನೆಗೆ ಓರೆ ಚೌಕ. ನಾನು ಆ ಓರೆ ಚೌಕವನ್ನು ಬರೆದಾಗಲೆಲ್ಲ ಗೆರೆ ನಡುಗಿ ಅಂಚು ಹಲ್ಲುಹಲ್ಲಾಗುತ್ತಿತ್ತು.

ಹೆದರಿಕೆ ನನಗೆ ಹೊಸದೇನಲ್ಲ. ನಾವು ಗದಗಿನ ಕಡೆಯವರು. ಅಪ್ಪ ಮುಂಬಯಿಗೆ ಬಂದು ಸಯನ್‌ನಲ್ಲಿ ಎರಡು ಖೋಲಿಯ ಮನೆ ಹಿಡಿದಮೇಲೆ ಹುಟ್ಟಿದವಳು ನಾನು. ಚಿಕ್ಕವಳಿದ್ದಾಗ ದಾದರ್ ಸ್ಟೇಷನ್ನಿನ ತೂಕದ ಯಂತ್ರ ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದೆ. ನೆನಪಿದೆಯಲ್ಲ, ಕೆಂಪು ಹಸಿರು ದೀಪಗಳು ತಿರುಗುತ್ತ ತಿರುಗುತ್ತ ಒಳಗೆ ಏನೋ ಗುರುಗುಟ್ಟಿ, ಟಕ್ಕೆಂದು ಒಂದು ದಪ್ಪ ಕಾಗದದ ಟಿಕೀಟು ಉದುರುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಎಂಟನೆಯ ವಯಸ್ಸಿನಲ್ಲಿ ನನಗೆ ಬಂದ ಟಿಕೀಟಿನಲ್ಲಿ, ಹತ್ತಿರದವರನ್ನು ನಂಬಬೇಡ ಎಂಬರ್ಥದ ಮಾತು ಇಂಗ್ಲಿಷಿನಲ್ಲಿತ್ತು. ಅಪ್ಪ ಓದಿ ಅರ್ಥ ಹೇಳಿದರು, ನಕ್ಕರು. ನಾನು ನಗಲಿಲ್ಲ. ಹತ್ತಿರದವಳು ಎಂದರೆ ಪಕ್ಕದ ಮನೆಯ ಗೆಳತಿ ಮಂಗಲಾ ಎಂದು ಲೆಕ್ಕ ಹಾಕಿ ಹದಿನೈದು ದಿನ ಅವಳ ಜೊತೆ ಮಾತು ಬಿಟ್ಟೆ. ಆ ಹುಡುಗಿ ಯಾಕೆಂದು ತಿಳಿಯದೆ ಅತ್ತಳು. ಮನುಷ್ಯರು ಸುಳ್ಳು ಹೇಳಬಹುದು, ಅಚ್ಚು ಹಾಕಿ ಕೊಡುವ ಯಂತ್ರ ಸುಳ್ಳು ಹೇಳಲಾರದು ಎಂದು ನಾನು ನಂಬಿದ್ದೆ. ಬಿ.ಎಸ್ಸಿ. ಮುಗಿಸಿದರೂ ಆ ನಂಬಿಕೆ ಒಳಗೆ ಎಲ್ಲೋ ಹಾಗೇ ಇತ್ತೆಂದು ಕಾಣುತ್ತದೆ.

ಡಿಗ್ರಿ ಆದಮೇಲೆ ಕಾಂದಿವಲಿಯ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ನಾವಿಬ್ಬರೇ: ನಾನು ಮತ್ತು ಗುರುನಾಥ ಕುಲಕರ್ಣಿಯವರು. ಅವರು ವಿಜಾಪುರದವರು, ಐವತ್ತು ದಾಟಿದವರು. ನಾನು ಮೊದಲ ದಿನದಿಂದಲೇ ಕಾಕಾ ಎನ್ನುತ್ತಿದ್ದೆ. ನಮ್ಮ ಕೆಲಸ ಇಷ್ಟೇ. ಗುಳಿಗೆಗಳ ಒಂದೊಂದು ಬ್ಯಾಚಿನಿಂದ ಹತ್ತು ಗುಳಿಗೆ ತೆಗೆದು ಪ್ರಯೋಗಾಲಯದವರು ಅದರಲ್ಲಿ ಔಷಧ ಎಷ್ಟಿದೆಯೆಂದು ಅಳೆಯುತ್ತಿದ್ದರು. ಆ ಹತ್ತು ಅಂಕಿಗಳ ಸರಾಸರಿ ತೆಗೆದು, ಬ್ಯಾಚು ಸರಿಯಿದೆಯೋ ಕಡಿಮೆಯೋ ಹೆಚ್ಚೋ ಎಂದು ಬರೆಯುವವರು ನಾವು. ಕಾಕಾ ಅದನ್ನು ಹಿಡಿಕೆ ತಿರುಗಿಸುವ ಕಬ್ಬಿಣದ ಯಂತ್ರದಲ್ಲಿ ಮಾಡುತ್ತಿದ್ದರು. ಕರ್ರ್ ಕರ್ರ್ ಎನ್ನುವ ಆ ಸದ್ದಿಗೆ ನಮ್ಮ ಕೋಣೆಯ ಗೋಡೆಗಳೂ ಒಗ್ಗಿಹೋಗಿದ್ದವು.

ನಮ್ಮ ಮುಖ್ಯಸ್ಥರು ದೇಸಾಯಿ ಸಾಹೇಬರು. ಅವರಿಗೆ ಒಂದು ದಿನ ಕಂಪ್ಯೂಟರಿನ ಗಾಳಿ ಬೀಸಿತು. ಘಾಟ್ಕೋಪರಿನಿಂದ ಬಸ್ಸಿನಲ್ಲಿ ಹೋಗಬೇಕಾದ ಒಂದು ದೊಡ್ಡ ಸಂಸ್ಥೆಯಲ್ಲಿ ಅಂಥ ಯಂತ್ರವಿತ್ತು. ಹೊರಗಿನವರಿಗೂ ಅಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಯಾರನ್ನು ಕಳಿಸುವುದೆಂದು ತಿಳಿಯಲು ಸಾಹೇಬರು ಚಿಕ್ಕ ವಯಸ್ಸಿನವರಿಗೆಲ್ಲ ಒಂದು ಪರೀಕ್ಷೆ ಇಟ್ಟರು. ತಪ್ಪಾದೀತೆಂಬ ಹೆದರಿಕೆಯಲ್ಲಿ ನಾನು ಒಂದೊಂದು ಉತ್ತರವನ್ನೂ ಮೂರು ಮೂರು ಸಲ ನೋಡಿದೆ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂತು. ಹೆದರಿಕೆ ನನ್ನನ್ನು ಇನ್ನೂ ದೊಡ್ಡ ಹೆದರಿಕೆಯ ಬಾಗಿಲಿಗೆ ತಂದು ನಿಲ್ಲಿಸಿದ್ದು ಹೀಗೆ.

ಕಾಕಾ ಆ ಸುದ್ದಿ ಕೇಳಿ, "ಛಲೋ ಆತು, ಶಕ್ಕು. ಕಲತು ಬಾ," ಎಂದರು. ಅಷ್ಟೇ. ಆ ದಿನಗಳಲ್ಲಿ ಕಾರ್ಖಾನೆಯ ಗೇಟಿನಲ್ಲಿ ಕರಪತ್ರ ಹಂಚುತ್ತಿದ್ದರು. ಕಂಪ್ಯೂಟರು ಬಂದರೆ ಗುಮಾಸ್ತರ ಅನ್ನ ಹೋಗುತ್ತದೆ ಎನ್ನುವ ಮಾತು ಅದರಲ್ಲಿರುತ್ತಿತ್ತು. ಕಾಕಾ ಆ ಕರಪತ್ರಗಳನ್ನು ನೀಟಾಗಿ ಮಡಚಿ ಡ್ರಾಯರಿನಲ್ಲಿ ಇಡುತ್ತಿದ್ದುದನ್ನು ನಾನು ನೋಡಿದ್ದೆ. ನೋಡಿದ್ದೆ, ಆದರೆ ಯೋಚಿಸಿರಲಿಲ್ಲ. ನನ್ನ ಭಯವೇ ನನಗೆ ಸಾಕಷ್ಟಿತ್ತು.

ಕ್ಲಾಸಿನ ಮೊದಲ ವಾರ ನಮ್ಮನ್ನು ಯಂತ್ರ ತೋರಿಸಲು ಕರೆದೊಯ್ದರು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಫ್ರಿಜ್ಜಿನಂಥ ಚಳಿ. ಆ ಸುದ್ದಿ ಮೊದಲೇ ತಿಳಿದಿದ್ದ ನಮ್ಮವ್ವ ಮೇ ತಿಂಗಳ ಸೆಕೆಯಲ್ಲಿ ಉಣ್ಣೆಯ ಸ್ವೆಟರನ್ನು ಚೀಲಕ್ಕೆ ತುರುಕಿದ್ದಳು. ಗಾಜಿನಾಚೆ ಬೀರುಗಳಂಥ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಬರಿಗಾಲಲ್ಲಿ ಕೈಕಟ್ಟಿ ನಿಂತ ನಮ್ಮನ್ನು ನೋಡಿದರೆ ಪೂಜೆಗೆ ಬಂದವರು ಎನ್ನಬೇಕು. ನನ್ನ ಪಕ್ಕದವನೊಬ್ಬ ಹಣೆ ಎದೆ ಮುಟ್ಟಿಕೊಂಡೂ ಬಿಟ್ಟ. ನಾನು ನಗಲಿಲ್ಲ, ನನ್ನ ಕೈಯೂ ಅರ್ಧ ಮೇಲೆ ಹೋಗಿತ್ತು.

ಆಮೇಲೆ ಆ ಯಂತ್ರವನ್ನು ನಾವು ಕಂಡದ್ದೇ ಕಡಿಮೆ. ನಮಗೆ ಕಾಣುತ್ತಿದ್ದುದು ಒಂದು ಕಿಂಡಿ. ಮೊದಲು ಚೌಕಳಿಯ ಹಾಳೆಯಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರದಂತೆ ಪ್ರೋಗ್ರಾಮ್ ಬರೆಯಬೇಕು. ಟೈಪ್‌ರೈಟರಿನಂಥ ಯಂತ್ರದ ಮುಂದೆ ಕೂತು ಒಂದು ಸಾಲಿಗೆ ಒಂದು ಕಾರ್ಡಿನಂತೆ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯಬೇಕು. ಆ ಕಾರ್ಡುಗಳ ಕಟ್ಟನ್ನು ಕಿಂಡಿಯಲ್ಲಿ ಕೊಟ್ಟು ಬರಬೇಕು. ಮಾರನೆಯ ದಿನ ಕಟ್ಟಿನ ಜೊತೆ ಅಗಲವಾದ ಕಾಗದದ ಮೇಲೆ ಯಂತ್ರದ ಉತ್ತರ ಸಿಗುತ್ತಿತ್ತು. ಉತ್ತರವೆಂದರೆ ಹೆಚ್ಚಾಗಿ ಬೈಗುಳ. ಒಂದು ಅಲ್ಪವಿರಾಮ ಬಿಟ್ಟರೂ ಯಂತ್ರ ಆ ಸಾಲಿನ ಕೆಳಗೆ ತಪ್ಪಿನ ಸಂಖ್ಯೆ ಅಚ್ಚು ಹಾಕಿ ಕೈ ಎತ್ತಿಬಿಡುತ್ತಿತ್ತು. ಮೊದಲ ಸಲ ನನ್ನ ಇಪ್ಪತ್ತು ಸಾಲಿಗೆ ಮೂವತ್ತೊಂದು ತಪ್ಪು ಬಂದವು. ಇಪ್ಪತ್ತು ಸಾಲಿನಲ್ಲಿ ಮೂವತ್ತೊಂದು ತಪ್ಪು ಮಾಡುವುದು ಹೇಗೆಂದು ಅಂದು ನನಗೆ ತಿಳಿಯಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಗದವನ್ನು ಎದೆಗವಚಿಕೊಂಡು ಮೂಲೆಗೆ ಹೋಗಿ ಬಿಚ್ಚುತ್ತಿದ್ದರು. ಎಕ್ಸ್-ರೇ ತೆಗೆಸಿಕೊಂಡವರ ಹಾಗೆ.

ತಪ್ಪಿನ ಸಂಖ್ಯೆಗಳ ಅರ್ಥ ಹೇಳುವ ಪುಸ್ತಕ ಇದ್ದದ್ದು ಒಂದೇ. ಅದನ್ನು ಸೆಣಬಿನ ಹುರಿಯಿಂದ ಮೇಜಿನ ಕಾಲಿಗೆ ಕಟ್ಟಿದ್ದರು. ಹುರಿ ಗಿಡ್ಡವಾಗಿದ್ದರಿಂದ ಬಗ್ಗಿ ನಿಂತೇ ಓದಬೇಕು. ನನಗೆ ಬೇಕಾದ ಪುಟವನ್ನು ನನಗಿಂತ ಮೊದಲೇ ಯಾರೋ ಹೆದರಿದವರು ಹರಿದುಕೊಂಡು ಹೋಗಿರುತ್ತಿದ್ದರು. ಹಾಗಾಗಿ ಉಳಿದ ದಾರಿ ಉಪಾಧ್ಯರೊಬ್ಬರೇ.

ಉಪಾಧ್ಯರು ಉಡುಪಿಯವರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಲಿಯುವವರ ಪ್ರಶ್ನೆಗೆ ಉತ್ತರ ಹೇಳಲೆಂದು ಒಂದು ಮೇಜಿನ ಹಿಂದೆ ಕೂರುತ್ತಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಕೆಂಪು ಪೆನ್ಸಿಲ್. ನಾನು ಕಾಗದ ಮುಂದಿಟ್ಟು ನಿಂತಾಗ, ಹೆಸರು ನೋಡಿ ಕನ್ನಡದಲ್ಲೇ ಕೇಳಿದರು: "ಎಂತ, ನಡುಗ್ತಾ ಇದ್ದೀರಲ್ಲ? ಚಳಿಯಾ?"

"ಇಲ್ರಿ. ಮೂವತ್ತೊಂದು ತಪ್ಪು ಬಂದಾವ."

"ಮೂವತ್ತೊಂದು ಅಲ್ಲ, ಒಂದೇ. ಮೊದಲನೇ ಸಾಲು ಏಳನೇ ಮನೆಯಿಂದ ಶುರು ಮಾಡ್ಬೇಕು, ನೀವು ಆರರಿಂದ ಮಾಡಿದ್ದೀರಿ. ಉಳಿದದ್ದೆಲ್ಲ ಅದರ ಮಕ್ಕಳು." ಕೆಂಪು ಪೆನ್ಸಿಲಿನಿಂದ ಒಂದೇ ಒಂದು ಸುತ್ತು ಹಾಕಿದರು. "ಹೆದರುದು ಎಂತಕ್ಕೆ? ಅದು ಕಚ್ಚುದಿಲ್ಲ."

ಒಮ್ಮೆ ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಟ್ಟಿನ ರಬ್ಬರ್ ಬ್ಯಾಂಡು ಹರಿದು ನೂರಕ್ಕೂ ಹೆಚ್ಚು ಕಾರ್ಡು ಚೆಲ್ಲಾಪಿಲ್ಲಿಯಾದವು. ಸಂಜೆಯ ಲೋಕಲ್ಲಿನ ಜನ. ಅವರ ಕಾಲುಗಳ ನಡುವೆ ನಾನು ಕೂತು ಆರಿಸಿದೆ. ಹೂವಿನ ಬುಟ್ಟಿಯ ಒಬ್ಬ ಹೆಂಗಸು ತಾನೂ ಕೂತು ಆರಿಸಿಕೊಟ್ಟು, "ಇದು ಲಾಟರಿ ಚೀಟಿಯಾ ಬಾಯಿ?" ಎಂದು ಮರಾಠಿಯಲ್ಲಿ ಕೇಳಿದಳು. ಎಲ್ಲ ಕಾರ್ಡೂ ಸಿಕ್ಕವು, ಆದರೆ ಯಾವುದರ ಹಿಂದೆ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಮಾರನೆಯ ದಿನ ಉಪಾಧ್ಯರು ನನ್ನ ಕಟ್ಟನ್ನು ಇಡೀ ಒಂದು ತಾಸು ಕೂತು ಜೋಡಿಸಿಕೊಟ್ಟರು. ಆಮೇಲೆ ಕಟ್ಟನ್ನು ಮೇಜಿಗೆ ಕುಟ್ಟಿ ಸಮಮಾಡಿ, ಅದರ ಮೇಲಂಚಿನ ಉದ್ದಕ್ಕೂ ಕೆಂಪು ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಎಳೆದರು. "ಇನ್ನು ಬಿದ್ರೆ ಈ ಗೆರೆ ಕೂಡುವ ಹಾಗೆ ಜೋಡ್ಸಿ. ಇದು ಪುಸ್ತಕದಲ್ಲಿ ಇಲ್ಲ," ಎಂದರು. ನಾನು ಕಲಿತ ಕಂಪ್ಯೂಟರ್ ವಿದ್ಯೆಯಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಬಹುಶಃ ಇದೊಂದೇ.

ಎಂಟು ತಿಂಗಳು ಹೀಗೆ ನಡೆಯಿತು. ಕೊನೆಗೆ ದೇಸಾಯಿ ಸಾಹೇಬರು, ಹೃದಯದ ಕಾಯಿಲೆಗೆ ಕೊಡುವ ನಮ್ಮ ಒಂದು ಗುಳಿಗೆಯ ಸರಾಸರಿಗಳನ್ನು ಯಂತ್ರದಲ್ಲಿ ತೆಗೆಯುವ ಪ್ರೋಗ್ರಾಮ್ ಬರೆ ಎಂದರು. ಅದರಲ್ಲಿ ಇಪ್ಪತ್ತೈದು ಮಿಲಿಗ್ರಾಮ್ ಔಷಧ ಇರಬೇಕು. ಇಪ್ಪತ್ನಾಲ್ಕೂವರೆಗಿಂತ ಇಳಿದರೆ ಕಡಿಮೆ ಎಂದು ನಮ್ಮಲ್ಲಿ ಲೆಕ್ಕ.

ಪ್ರೋಗ್ರಾಮಿನಲ್ಲಿ ಪ್ರತಿ ಅಂಕಿಗೂ ಒಂದು ಹೆಸರಿಡಬೇಕು. ಇಂಗ್ಲಿಷ್ ಹೆಸರುಗಳ ಸ್ಪೆಲಿಂಗ್ ತಪ್ಪಾದೀತೆಂದು ಹೆದರಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಕನ್ನಡದ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಔಷಧದ ಪ್ರಮಾಣಕ್ಕೆ ಪ್ರಮಾಣ್ ಎಂದೇ ಇಟ್ಟೆ. ಅವುಗಳ ಮೊತ್ತಕ್ಕೆ ಮೊತ್ತ. ಸರಾಸರಿಗೆ ಸರಾಸರಿ ಎಂದು ಇಡೋಣವೆಂದರೆ ಪ್ರೋಗ್ರಾಮ್ ಬರೆಯುವ ಆ ಭಾಷೆಯಲ್ಲಿ ಆರು ಅಕ್ಷರಕ್ಕಿಂತ ಉದ್ದದ ಹೆಸರು ಸಲ್ಲದು. ಆರಕ್ಕೆ ಕತ್ತರಿಸಿದಾಗ ಇಂಗ್ಲಿಷಿನಲ್ಲಿ ಅದು ಸರಸ ಎಂದು ಓದುವಂತಾಯಿತು. ಮದುವೆಯಾಗದ ಹುಡುಗಿ ಹೃದಯದ ಗುಳಿಗೆಯಲ್ಲಿ ಸರಸ ಹುಡುಕುವ ಪ್ರೋಗ್ರಾಮ್ ಬರೆದಿದ್ದಾಳೆ ಎಂದು ಉಪಾಧ್ಯರು ಎಲ್ಲಿ ಅಂದಾರೋ ಎಂದು ನಾಚಿಕೆಯಾಗಿ, ಆ ಸಲ ಅವರಿಗೆ ತೋರಿಸದೆ ನೇರ ಕಿಂಡಿಯಲ್ಲಿ ಕೊಟ್ಟೆ. ಹದಿನಾಲ್ಕು ಬ್ಯಾಚಿನ ಅಂಕಿಗಳ ಕಾರ್ಡೂ ಅದರ ಜೊತೆಗಿದ್ದವು.

ಮಾರನೆಯ ದಿನ, ಬುಧವಾರ, ಮೂಲೆಗೆ ಹೋಗಿ ಕಾಗದ ಬಿಚ್ಚಿದೆ. ಒಂದೂ ತಪ್ಪಿರಲಿಲ್ಲ. ಹದಿನಾಲ್ಕು ಸಾಲು, ಹದಿನಾಲ್ಕು ಸರಾಸರಿ. ಅಲ್ಲೇ ಬೆಂಚಿನ ಮೇಲೆ ಕೂತೆ. ಎಂಟು ತಿಂಗಳಲ್ಲಿ ಮೊದಲ ಸಲ ಕಾಗದವನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ಹಾಸಿಕೊಂಡೆ.

ಗುರುವಾರ ಬೆಳಿಗ್ಗೆ ದೇಸಾಯಿ ಸಾಹೇಬರು ಆ ಕಾಗದವನ್ನು ಮೇಜಿನ ಮೇಲೆ ಹಾಸಿ ಬೆರಳಿಟ್ಟು ಓದಿದರು. ಹದಿನಾಲ್ಕರಲ್ಲಿ ಹನ್ನೊಂದು ಬ್ಯಾಚು ಇಪ್ಪತ್ನಾಲ್ಕು, ಇಲ್ಲವೆ ಇಪ್ಪತ್ಮೂರು. ಹನ್ನೊಂದೂ ಕಡಿಮೆ. ಅವರ ಮುಖ ಬಿಗಿಯಿತು. ಕಾಕಾನನ್ನೂ ಕರೆಸಿದರು. ಸಾಹೇಬರು ಮಾತಾಡುತ್ತಿದ್ದುದು ಹಿಂದಿಯಲ್ಲಿ: ಕುಲಕರ್ಣಿ, ಇಷ್ಟು ದಿನ ನಿಮ್ಮ ಕೈಲೆಕ್ಕದಲ್ಲಿ ಇದು ಮುಚ್ಚಿಹೋಗಿತ್ತು ನೋಡಿ. ಕಾಕಾ ಏನೋ ಹೇಳಲು ಬಾಯಿ ತೆರೆದರು. "ಮಷಿನ್ ಝೂಟ್ ನಹೀ ಬೋಲ್ತಾ," ಎಂದರು ಸಾಹೇಬರು. ಯಂತ್ರ ಸುಳ್ಳು ಹೇಳುವುದಿಲ್ಲ. ಶನಿವಾರ ಬೆಳಿಗ್ಗೆಯ ಮಿಶ್ರಣದಿಂದ ಔಷಧವನ್ನು ತುಸು ಏರಿಸಬೇಕೆಂದು ಕೆಳಗಿನ ವಿಭಾಗಕ್ಕೆ ಚೀಟಿ ಬರೆದರು. ಇನ್ನು ಮೇಲೆ ಈ ಗುಳಿಗೆಯ ಲೆಕ್ಕ ಕೈಯಲ್ಲಿ ಮಾಡುವುದು ಬೇಡ ಎಂದೂ ಹೇಳಿದರು. ಕಾಕಾ ತಲೆ ಆಡಿಸಿ ಹೊರಗೆ ಹೋದರು. ಆ ದಿನವೆಲ್ಲ ಅವರ ಯಂತ್ರದ ಕರ್ರ್ ಸದ್ದು ಕೇಳಿಬಂತೋ ಇಲ್ಲವೋ ನನಗೆ ನೆನಪಿಲ್ಲ. ನಾನು ಸಾಹೇಬರು ಬೆನ್ನು ತಟ್ಟಿದ ಜಾಗದಲ್ಲೇ ಇದ್ದೆ.

ಶುಕ್ರವಾರ ಊಟದ ಹೊತ್ತಿಗೆ ಕಾಕಾ ಡಬ್ಬಿ ಬಿಚ್ಚಲಿಲ್ಲ. ನನ್ನ ಮೇಜಿಗೆ ಬಂದು ಖುರ್ಚಿ ಎಳೆದು ಕೂತರು.

"ಶಕ್ಕು, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ."

"ಕೇಳ್ರಿ ಕಾಕಾ."

"ಈ ನಿನ್ನ ಮಷಿನ್ನಿಗೆ ಪಾಯಿಂಟಿನ ಮುಂದಿನ ಅಂಕಿ ಬರ್ತಾವೋ ಇಲ್ಲೋ?"

"ಬರ್ತಾವಲ್ರಿ. ನೋಡ್ರಿ, ಎಲ್ಲಾ ಸಾಲಿನ್ಯಾಗೂ ಪಾಯಿಂಟ್ ಅದ."

"ಪಾಯಿಂಟ್ ಅದ. ಅದರ ಮುಂದ ಏನದ?"

ನೋಡಿದೆ. ಎರಡು ಸೊನ್ನೆ. ಕೆಳಗಿನ ಸಾಲಿನಲ್ಲೂ ಎರಡು ಸೊನ್ನೆ. ಹದಿನಾಲ್ಕು ಸಾಲಿನಲ್ಲೂ ಸೊನ್ನೆ ಸೊನ್ನೆ. ಮೂರು ದಿನದಿಂದ ಆ ಕಾಗದವನ್ನು ಮುದ್ದು ಮಾಡುವಂತೆ ನೋಡುತ್ತಿದ್ದವಳಿಗೆ ಅದು ಕಂಡಿರಲಿಲ್ಲ.

"ಹದಿನಾಲ್ಕು ಸಲನೂ ಸರಾಸರಿ ಪೂರಾ ಅಂಕಿ ಬರಬೇಕಂದ್ರ ಅವು ಮನಷ್ಯಾರು ಮಾಡಿದ ಗುಳಿಗಿ ಅಲ್ಲ," ಎಂದು ಕಾಕಾ ತಮ್ಮ ರಿಜಿಸ್ಟರನ್ನು ನನ್ನ ಮುಂದಿಟ್ಟರು. ಬೇಡವೆಂದರೂ ಅವರು ಅಭ್ಯಾಸದಂತೆ ಹದಿನಾಲ್ಕೂ ಬ್ಯಾಚನ್ನು ಕೈಯಲ್ಲಿ ಮಾಡಿದ್ದರು. ಮೊದಲ ಬ್ಯಾಚಿಗೆ ಯಂತ್ರದ ಸರಾಸರಿ ಇಪ್ಪತ್ನಾಲ್ಕು. ಕಾಕಾನ ಸರಾಸರಿ ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು ಎಂಟು. ಗುಳಿಗೆ ಸರಿಯಿತ್ತು. ಹದಿನಾಲ್ಕೂ ಸರಿಯಿದ್ದವು.

ನಾಳೆ ಬೆಳಿಗ್ಗೆ ಎಂಟಕ್ಕೆ ಮಿಶ್ರಣ. ಸರಿಯಾಗಿಯೇ ಇದ್ದ ಗುಳಿಗೆಗೆ ಇನ್ನಷ್ಟು ಔಷಧ ಬೀಳುತ್ತದೆ. ಅದನ್ನು ನುಂಗುವವರು ಹೃದಯದ ರೋಗಿಗಳು. ನನ್ನ ಕಣ್ಣಿಗೆ ಬಂದದ್ದು ನಮ್ಮ ಮನೆಯ ಹತ್ತಿರದ ಆಸ್ಪತ್ರೆಯ ಹೊರಗೆ ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಮುದುಕರು. ಅಂಗಡಿಯವನು ಕೊಟ್ಟದ್ದನ್ನು ಅವರು ಹಿಂದೆ ಮುಂದೆ ನೋಡದೆ ನೀರಿನ ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಸಾಹೇಬರಿಗೆ ಹೇಳೋಣ," ಎಂದೆ.

"ಹೊರಗ ಹೋಗ್ಯಾರ. ನಾಕ ಗಂಟೆಕ್ಕ ಬರ್ತಾರ. ಆದ್ರ ಬರೇ ನನ್ನ ಲೆಕ್ಕ ತೋರಿಸಿದರ ಕೇಳೂದಿಲ್ಲ. ಮಷಿನ್ ಯಾಕ ಹಿಂಗ ಮಾಡ್ತು ಅಂತ ಹೇಳಬೇಕಾಗ್ತದ."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ. ಕಾಗದ ಮತ್ತು ಕಾರ್ಡಿನ ಕಟ್ಟು ಹಿಡಿದು ಹೊರಟೆ. ಕಾಂದಿವಲಿಯಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್, ಘಾಟ್ಕೋಪರಿನಲ್ಲಿ ಬಸ್ಸು. ಕಟ್ಟನ್ನು ಕೂಸಿನಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದೆ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಉಪಾಧ್ಯರು ನಾಲ್ಕಕ್ಕೆ ಎದ್ದುಹೋಗುತ್ತಾರೆ ಎಂದು ಗಡಿಯಾರ ನೋಡುತ್ತಿದ್ದೆ. ತಲುಪಿದಾಗ ನಾಲ್ಕಕ್ಕೆ ಐದು ನಿಮಿಷ. ಅವರು ಕನ್ನಡಕವನ್ನು ಡಬ್ಬಿಗೆ ಹಾಕುತ್ತಿದ್ದರು. ನನ್ನ ಮುಖ ನೋಡಿ ಮತ್ತೆ ಹಾಕಿಕೊಂಡರು.

"ತಪ್ಪು ಬಂದಿಲ್ಲ ಸರ್. ಆದ್ರ ಉತ್ತರ ತಪ್ಪದ."

ಅವರು ಕಾಗದದ ಮೇಲೆ ಬೆರಳು ಓಡಿಸಿದರು. ಸರಸ ಎಂಬಲ್ಲಿ ನಿಲ್ಲಲಿಲ್ಲ, ನಗಲಿಲ್ಲ. ಮೊತ್ತ ಎಂಬಲ್ಲಿ ನಿಂತರು.

"ಇದೆಂತದ್ದು, ಮೊತ್ತವಾ? ಹೆಸರು ಚಂದ ಉಂಟು. ಆದ್ರೆ ಎಂ ಅಕ್ಷರದಿಂದ ಶುರು ಆಯ್ತಲ್ಲ."

ನನಗೆ ಆಗ ಹೊಳೆಯಿತು. ನೀವು ತಲೆ ಕೆಡಿಸಿಕೊಳ್ಳಬೇಡಿ, ವಿಷಯ ಸಣ್ಣದು. ಆ ಭಾಷೆಯಲ್ಲಿ ಇಂಗ್ಲಿಷಿನ ಐ ಅಕ್ಷರದಿಂದ ಎನ್ ಅಕ್ಷರದವರೆಗಿನ ಯಾವುದರಿಂದ ಹೆಸರು ಶುರುವಾದರೂ ಯಂತ್ರ ಅದರಲ್ಲಿ ಪೂರ್ಣ ಅಂಕಿಯನ್ನು ಮಾತ್ರ ಇಡುತ್ತದೆ. ಪಾಯಿಂಟಿನ ಮುಂದಿನದನ್ನು ಕೇಳದೆ ಹೇಳದೆ ಎಸೆದುಬಿಡುತ್ತದೆ. ಒಂದೊಂದು ಗುಳಿಗೆ ಕೂಡಿಸಿದಾಗಲೂ ಚೂರು ಎಸೆದಿತ್ತು, ಹತ್ತರಿಂದ ಭಾಗಿಸಿದಾಗ ಇನ್ನೊಮ್ಮೆ ಎಸೆದಿತ್ತು. ಅದಕ್ಕೆ ಅದು ತಪ್ಪಲ್ಲ, ನಿಯಮ. ಆದ್ದರಿಂದಲೇ ಬೈಯಲಿಲ್ಲ. ಈ ನಿಯಮವನ್ನು ಕ್ಲಾಸಿನಲ್ಲಿ ಹೇಳಿದ್ದರು. ನನ್ನ ನೋಟ್ ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಆದರೆ ಇಂಗ್ಲಿಷಿನ ನಿಯಮ ಇಂಗ್ಲಿಷ್ ಹೆಸರುಗಳಿಗೆ, ನಮ್ಮ ಮೊತ್ತಕ್ಕೆ ಅದೇನು ಸಂಬಂಧ ಎಂದು ಮನಸ್ಸು ತನ್ನಷ್ಟಕ್ಕೆ ಅಂದುಕೊಂಡಿತ್ತು.

"ಬೈದ್ರೆ ಒಳ್ಳೇದು," ಎಂದರು ಉಪಾಧ್ಯರು ಮೆಲ್ಲಗೆ. "ಬೈಯದೇ ಇದ್ದಾಗ ಹೆದರ್ಬೇಕು. ಅದನ್ನು ನಾನು ನಿಮಗೆ ಮೊದಲೇ ಹೇಳ್ಬೇಕಿತ್ತು." ಆಮೇಲೆ ಮೇಜಿನ ಮೇಲಿನ ಟೆಲಿಫೋನನ್ನು ನನ್ನ ಕಡೆ ತಿರುಗಿಸಿದರು.

ನನಗೆ ಟೆಲಿಫೋನಿನ ಭಯವೂ ಇತ್ತು. ಅಲ್ಲಿಯವರೆಗೆ ನಾಲ್ಕೈದು ಸಲ ಮಾತಾಡಿದ್ದರೆ ಹೆಚ್ಚು. ನಂಬರು ತಿರುಗಿಸುವಾಗ ಬೆರಳು ಎರಡು ಸಲ ತಪ್ಪಿತು. ದೇಸಾಯಿ ಸಾಹೇಬರೇ ಎತ್ತಿದರು. ಗುಳಿಗೆಗಳು ಸರಿಯಿವೆ, ಲೆಕ್ಕ ತಪ್ಪಿದೆ, ನಾಳೆಯ ಮಿಶ್ರಣ ಬದಲಾಯಿಸಬಾರದು ಎಂದು ಬಾಯಿಪಾಠ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ.

"ಗಲ್ತಿ ಕಿಸ್ಕೀ ಹೈ? ಮಷಿನ್ ಕೀ, ಯಾ ತುಮ್ಹಾರೀ?"

ತಪ್ಪು ಯಾರದು, ಯಂತ್ರದ್ದೋ ನಿನ್ನದೋ. ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಯಂತ್ರದ್ದು ಎಂದರೆ ಆ ಕಿಂಡಿಯೊಳಗೆ ಹೋಗಿ ವಿಚಾರಿಸುವವರು ಯಾರಿದ್ದರು? ಉಪಾಧ್ಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗಾಗಿ ಬೇಕೆಂದೇ ಆ ಕಡೆ ತಿರುಗಿದ್ದರೆಂದು ತೋರುತ್ತದೆ.

"ಮೇರೀ, ಸರ್," ಎಂದೆ. ತಪ್ಪು ಹಿಡಿದವರು ಕುಲಕರ್ಣಿಯವರು ಎಂದೂ ಹೇಳಿದೆ. ಆ ಕಡೆ ಫೋನು ಇಟ್ಟ ಸದ್ದಾಯಿತು.

ಶನಿವಾರ ಬೆಳಿಗ್ಗೆ ಕಾರ್ಖಾನೆಗೆ ಹೋದವಳು ಮೊದಲು ಮಿಶ್ರಣದ ವಿಭಾಗದ ಬಾಗಿಲಿಗೆ ಹೋಗಿ ಕಿವಿಗೊಟ್ಟು ನಿಂತೆ. ಯಂತ್ರ ನಡೆಯುತ್ತಿತ್ತು. ಅಲ್ಲಿಯ ಮೇಸ್ತ್ರಿ ನನ್ನನ್ನು ನೋಡಿ, ಸಾಹೇಬರು ನಿನ್ನೆ ಸಂಜೆ ತಾವೇ ಬಂದು ಚೀಟಿ ವಾಪಸು ತೆಗೆದುಕೊಂಡು ಹೋದರೆಂದೂ, ಹಳೆಯ ಅಳತೆಯೇ ನಡೆಯುತ್ತಿದೆಯೆಂದೂ ಹೇಳಿದ.

ಹತ್ತು ಗಂಟೆಗೆ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಕೆಲಸ ಹೋಯಿತೆಂದೇ ತಿಳಿದು ನಾನು ಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ. ಅವರು ಕಾಕಾನ ರಿಜಿಸ್ಟರನ್ನು ಪುಟ ಪುಟ ತಿರುವಿದರು. ಇನ್ನು ಮುಂದೆ ಯಂತ್ರದಿಂದ ಬರುವ ಪ್ರತಿ ಕಾಗದವನ್ನೂ ಇಬ್ಬರೂ ಕೂತು ಕೈಯಲ್ಲಿ ತಾಳೆ ನೋಡಬೇಕು, ಇಬ್ಬರ ಸಹಿಯಿಲ್ಲದೆ ಒಂದು ಅಂಕಿಯೂ ಕೆಳಗೆ ಹೋಗಬಾರದು ಎಂದರು. ಕಾಕಾನ ಕಡೆ ತಿರುಗಿ, ಗುರುವಾರ ತಾವು ಆಡಿದ ಮಾತು ಸರಿಯಿರಲಿಲ್ಲ ಎಂದೂ ಹೇಳಿದರು. ಕಾಕಾ ರಿಜಿಸ್ಟರನ್ನು ಎತ್ತಿಕೊಂಡರು.

ನಮ್ಮ ಕೋಣೆಗೆ ಬಂದು ಕೂತೆವು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಅದೇನೂ ಬ್ಯಾಡ. ಗುರುವಾರ ಮಧ್ಯಾಹ್ನನಽ ನನಗ ಗೊತ್ತಾಗಿತ್ತು, ಶಕ್ಕು."

ಬಗ್ಗಿದ್ದವಳು ನೆಟ್ಟಗೆ ನಿಂತೆ.

"ಗೊತ್ತಾಗಿ ಸುಮ್ಮನ ಕೂತೆ. ಬೇಕಂತ ಕೂತೆ. ಆ ಮಷಿನ್ ಎಲ್ಲಾರ ಮುಂದ ಬೀಳಲಿ, ನನ್ನ ಖುರ್ಚಿ ಉಳೀತದ ಅಂದುಕೊಂಡೆ. ಅದರ ಜೋಡಿ ನೀನೂ ಬೀಳ್ತೀ ಅನ್ನೂದು ನನಗ ತಿಳೀಲಾರದ ಮಾತಲ್ಲ."

"ಮತ್ತ ಯಾಕ ಹೇಳಿದ್ರಿ ಕಾಕಾ?"

ಅವರು ಹಿಡಿಕೆಯ ಯಂತ್ರದ ಮೇಲಿನ ಧೂಳನ್ನು ಧೋತರದ ಅಂಚಿನಿಂದ ಒರೆಸಿದರು. ಆಮೇಲೆ ಹೇಳಿದರು: "ಮನಿಗೆ ಹೋಗಿ ಊಟಕ್ಕ ಕೂತೆ. ತುತ್ತು ಇಳೀಲಿಲ್ಲ. ಇಷ್ಟ ದಿನ ಮಷಿನ್ನಿಗೆ ಅಂಜತಿದ್ದೆ, ನಿನಗೂ ಅಂಜತಿದ್ದೆ. ಅವತ್ತ ನನಗ ನನ್ನದಽ ಅಂಜಿಕಿ ಬಂತು."

ನಿನಗೂ ಎಂದರು. ನನಗೆ. ಚಳಿಯ ಕೋಣೆಗೆ, ಕಿಂಡಿಗೆ, ತಪ್ಪಿನ ಸಂಖ್ಯೆಗೆ, ಸಾಹೇಬರಿಗೆ, ಟೆಲಿಫೋನಿಗೆ ಹೆದರುತ್ತ ನಾನು ಎಂಟು ತಿಂಗಳು ಓಡಾಡಿದ್ದೆ. ಮೂರು ಮಾರು ದೂರದ ಮೇಜಿನಲ್ಲಿ ಒಬ್ಬರು ನನಗೆ ಹೆದರಿ ಕೂತಿದ್ದರು. ಕಲಿತು ಬಾ ಎಂದು ಹೇಳಿದ್ದವರೂ ಅವರೇ. ಅವರ ಡ್ರಾಯರಿನಲ್ಲಿ ಏನಿದೆಯೆಂದು ನನಗೆ ಗೊತ್ತಿದ್ದರೂ ಒಂದು ದಿನ ಆ ಕಡೆ ತಿರುಗಿ, ಏನ್ ಯೋಚನಿ ಮಾಡ್ಲಿಕ್ಕತ್ತೀರಿ ಕಾಕಾ ಎಂದು ಕೇಳಿರಲಿಲ್ಲ. ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ.

ಕಾಕಾ ಹಿಡಿಕೆಯನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಹಳೆಯ ಅಂಕಿಗಳನ್ನೆಲ್ಲ ಸೊನ್ನೆಗೆ ತಂದರು. ಹೊಸ ಬ್ಯಾಚಿನ ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

"ನೀ ಓದು. ನಾ ತಿರುಗಸ್ತೀನಿ."

"ಇಪ್ಪತ್ನಾಕು ಪಾಯಿಂಟ್ ಎಂಟು," ಎಂದೆ.

ಕರ್ರ್ ಎಂದಿತು ಯಂತ್ರ.

"ಇಪ್ಪತ್ತೈದು ಪಾಯಿಂಟ್ ಒಂದು." ಈ ಸಲ ಕೊನೆಯ ಅಂಕಿ ಬಾಯಲ್ಲೇ ಉಳಿಯಿತು.

ಕಾಕಾ ಹಿಡಿಕೆ ತಿರುಗಿಸಲಿಲ್ಲ. ಹಾಳೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಪಾಯಿಂಟಿನ ಮುಂದಿಂದು ಕೇಳಿಸಲಿಲ್ಲ," ಎಂದರು. "ಇನ್ನೊಮ್ಮೆ ಓದವಾ."